ಬಾಂದುಕಲ್ಲಿಲ್ಲದ ಹೊಲ

ನಾಗಮಂಗಲ ತಾಲ್ಲೂಕಿನ ದೇವರಹಳ್ಳಿಯ ತಾಮ್ರಶಾಸನ ಇತಿಹಾಸಾಸಕ್ತರಿಗೆ ಪರಿಚಿತವಾದುದು. ಗಂಗರ ದೊರೆ ಶ್ರೀಪುರುಷನ ಕಾಲದ್ದು, ಕ್ರಿ.ಶ. 776ರದು. ಲೋಕತಿಲಕವೆಂಬ ಜಿನಾಲಯಕ್ಕೆ ಪೊನ್ನಳ್ಳಿ ಎಂಬ ಊರನ್ನು ದತ್ತಿ ಬಿಟ್ಟ ಸಂಗತಿ ಅದರಲ್ಲಿದೆ. ಊರನ್ನು ಬಿಟ್ಟಿದ್ದೇವೆ ಎಂದಷ್ಟೇ ಹೇಳಿ ಶಾಸನಕಾರ ಸುಮ್ಮನಾಗಿಲ್ಲ. ಅದರ ಎಲ್ಲೆ ಯಾವ ದಿಕ್ಕಿನಲ್ಲಿ ಎಲ್ಲಿಗೆ ಎಂಬುದನ್ನೂ ಒಂದೊಂದಾಗಿ ಹೇಳಿದ್ದಾನೆ. ನಾಗಮಂಗಲ, ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ಈ ನಾಲ್ಕು ತಾಲ್ಲೂಕುಗಳಲ್ಲಿ ಸಿಕ್ಕಿರುವ ದಾನಶಾಸನಗಳನ್ನು ತಿರುವಿ ಹಾಕಿದರೆ ಇದೇ ಕಾಳಜಿ ಮತ್ತೆ ಮತ್ತೆ ಕಾಣುತ್ತದೆ. ಕೆರೆಯ ಕೋಡಿ, ದಿಬ್ಬ, ನೆಟ್ಟ ಕಲ್ಲು, ಹಳೆಯ ಮರ ಎಲ್ಲವೂ ಸಾಕ್ಷಿಗಳೇ. ಕೊನೆಯಲ್ಲಿ ಶಾಪಾಶಯ ಬೇರೆ: ಕೊಟ್ಟ ಭೂಮಿಯನ್ನು ಕಸಿದವನು ಅರುವತ್ತು ಸಾವಿರ ವರ್ಷ ಹೇಸಿಗೆಯಲ್ಲಿ ಹುಳುವಾಗಿ ಹುಟ್ಟುತ್ತಾನಂತೆ.

ಕಾಲ ಬದಲಾಯಿತು, ಕಾಳಜಿ ಬದಲಾಗಲಿಲ್ಲ. ಶಾಸನದ ಕಲ್ಲಿನ ಜಾಗಕ್ಕೆ ಸರ್ವೆಯವರ ಬಾಂದುಕಲ್ಲು ಬಂತು. ಪಕ್ಕದ ಹೊಲದವನು ಉಳುವಾಗ ಒಂದೊಂದು ಸಾಲು ಒಳಗೆ ಬಂದರೆ ಅದಕ್ಕೆ ಒತ್ತುವರಿ ಎಂಬ ಹೆಸರು ಬಂತು. ತೀರ್ಮಾನಕ್ಕೆ ಹದ್ದುಬಸ್ತಿನ ಅಳತೆ ಬಂತು. 2000-01ರ ಹೊತ್ತಿಗೆ ರಾಜ್ಯ ಸರ್ಕಾರದ ‘ಭೂಮಿ’ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಈಗ ರೈತನೊಬ್ಬ ತನ್ನ ಜಮೀನಿನ ದಾಖಲೆ ನೋಡಬೇಕಾದರೆ ಶ್ಯಾನುಭೋಗರ ಖಿರ್ದಿಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಫೋನಿನಲ್ಲೋ ಗ್ರಾಮ ಒನ್ ಕೇಂದ್ರದ ಕಂಪ್ಯೂಟರಿನಲ್ಲೋ ಬ್ರೌಸರ್ ಎಂಬ ಕಿಟಕಿ ತೆರೆದರೆ ಸಾಕು.

ವಿಚಿತ್ರವೆಂದರೆ, ಎಲ್ಲೆಗಳ ದಾಖಲೆಯನ್ನು ತೋರಿಸುವ ಈ ಕಿಟಕಿಯ ಒಳಗೇ ಒಂದು ದೊಡ್ಡ ಬಯಲಿದೆ. ಅಲ್ಲಿ ಸಾವಿರಾರು ತುಂಡು ಹೊಲಗಳಿವೆ. ಬಹುಪಾಲು ಹೊಲಗಳಿಗೆ ಬಾಂದುಕಲ್ಲೇ ಇಲ್ಲ. ಆ ಬಯಲಿನಲ್ಲಿ ನಡೆಯುವ ಒತ್ತುವರಿಗೆ ಕಂಪ್ಯೂಟರ್ ಪರಿಣತರು ಇಟ್ಟ ಹೆಸರು ‘ಮೆಮೊರಿ ಕರಪ್ಷನ್’, ಅಂದರೆ ನೆನಪು ಕೆಡುವುದು. ಬ್ರೌಸರ್‌ಗಳಲ್ಲಿ ಸಿಗುವ ದೊಡ್ಡ ದೋಷಗಳಲ್ಲಿ ಹೆಚ್ಚಿನವು ಇದೇ ಜಾತಿಯವು.

ಕಂಪ್ಯೂಟರಿನ ನೆನಪು ಎಂದರೆ ಸಾಲಾಗಿ ಕಟ್ಟಿದ ಪುಟ್ಟ ಮನೆಗಳು. ಪ್ರತಿ ಮನೆಗೂ ಒಂದು ನಂಬರು, ಅದೇ ಅದರ ವಿಳಾಸ. ಒಂದು ಮನೆಯಲ್ಲಿ ಒಂದು ಬೈಟ್ ಹಿಡಿಯುತ್ತದೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಮನೆ ಸಾಕು. ಕನ್ನಡಕ್ಕೆ ಸಾಲದು, ಈಗ ಎಲ್ಲೆಡೆ ಬಳಕೆಯಲ್ಲಿರುವ ಯೂನಿಕೋಡ್ ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಚಿಹ್ನೆಗೂ ಸಾಮಾನ್ಯವಾಗಿ ಮೂರು ಮನೆ ಬೇಕು. ಅಕ್ಷರ, ಕೊಂಬು, ದೀರ್ಘ, ಸೊನ್ನೆ, ಒತ್ತು ಬರೆಯಲು ಬೇಕಾದ ಕೊಂಡಿ ಎಲ್ಲವೂ ಬೇರೆ ಬೇರೆ ಚಿಹ್ನೆಗಳೇ.

ಊರಿನ ಹೆಸರು ಬರೆದುಕೊಳ್ಳಲು ಒಂದು ಪ್ರೋಗ್ರಾಂ 24 ಮನೆಗಳನ್ನು ಮೀಸಲಿಟ್ಟಿದೆ ಎಂದಿಟ್ಟುಕೊಳ್ಳಿ. ‘ನಾಗಮಂಗಲ’ಕ್ಕೆ 21 ಬೈಟು, ಸಲೀಸಾಗಿ ಕೂತಿತು. ‘ಪಾಂಡವಪುರ’ಕ್ಕೆ ಸರಿಯಾಗಿ 24. ಕೂತಿತು ಅನ್ನುವಷ್ಟರಲ್ಲಿ ಒಂದು ತೊಡಕು: ಹೆಸರು ಮುಗಿಯಿತು ಎಂದು ತಿಳಿಸಲು ಕೊನೆಯಲ್ಲೊಂದು ಸೊನ್ನೆಯ ಗುರುತು ಹಾಕುವ ರೂಢಿ ಇದೆ, ಅದು ಪಕ್ಕದವನ ಮೊದಲ ಮನೆಯಲ್ಲಿ ಬಿತ್ತು. ಒಂದೇ ಒಂದು ಮನೆಯ ಈ ಒತ್ತುವರಿಯಿಂದಲೂ ದೊಡ್ಡ ಅನಾಹುತಗಳಾಗಿವೆ. ‘ಶ್ರೀರಂಗಪಟ್ಟಣ’ಕ್ಕೂ ‘ಕೃಷ್ಣರಾಜಪೇಟೆ’ಗೂ ತಲಾ 36 ಬೈಟು. ಪ್ರೋಗ್ರಾಂ ಬರೆದವರು ಅಳೆದು ನೋಡಿ ‘ಇಷ್ಟು ಉದ್ದದ ಹೆಸರು ಇಲ್ಲಿ ಹಿಡಿಯದು’ ಎಂದು ತಡೆಯುವ ಸಾಲೊಂದನ್ನು ಸೇರಿಸದಿದ್ದರೆ, ಉಳಿದ 12 ಬೈಟುಗಳೂ ಕೊನೆಯ ಗುರುತೂ ಪಕ್ಕದ ಹೊಲಕ್ಕೆ ನುಗ್ಗುತ್ತವೆ. ಅಲ್ಲಿ ಏನಿತ್ತೋ ಅದು ಅಳಿಸಿಹೋಯಿತು.

ಪಕ್ಕದ ಹೊಲದಲ್ಲಿ ಮತ್ತೊಂದು ಹೆಸರಿದ್ದರೆ ಹೆಸರು ಕೆಡುತ್ತದೆ, ಅಷ್ಟೇ. ಆದರೆ ಕಂಪ್ಯೂಟರು ತಾನು ಮುಂದೆ ಮಾಡಬೇಕಾದ ಕೆಲಸದ ವಿಳಾಸವನ್ನೂ ಇದೇ ಬಯಲಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. ‘ಇದು ಮುಗಿದ ಮೇಲೆ ಇಂಥ ನಂಬರಿನ ಮನೆಗೆ ಹೋಗಿ ಅಲ್ಲಿರುವ ಆದೇಶವನ್ನು ಪಾಲಿಸು’ ಎಂಬ ಚೀಟಿ ಅದು. ಆ ಚೀಟಿಯ ಮೇಲೆ ಕಸ ಬಿದ್ದರೆ ಕಂಪ್ಯೂಟರು ದಾರಿತಪ್ಪಿ ಪ್ರೋಗ್ರಾಂ ಮುಚ್ಚಿಕೊಳ್ಳುತ್ತದೆ. ಬಿದ್ದದ್ದು ಕಸವಾಗಿರದೆ ಯಾರೋ ಲೆಕ್ಕ ಹಾಕಿ ಬರೆದ ಬೇರೊಂದು ವಿಳಾಸವಾಗಿದ್ದರೆ? ಕಂಪ್ಯೂಟರು ಮರುಮಾತಿಲ್ಲದೆ ಅಲ್ಲಿಗೆ ಹೋಗಿ ಕಳ್ಳನ ಆದೇಶವನ್ನು ಪಾಲಿಸುತ್ತದೆ.

ಇಷ್ಟು ಸರಳವಾದ ಅಳತೆಯನ್ನು ಯಂತ್ರವೇ ಏಕೆ ಮಾಡಿಕೊಳ್ಳಬಾರದು? ಮಾಡಿಕೊಳ್ಳಬಹುದು. ಬ್ರೌಸರ್‌ಗಳ ಬಹುಭಾಗವನ್ನು ಬರೆದಿರುವುದು ಸಿ++ ಭಾಷೆಯಲ್ಲಿ. ಅದರ ಮೂಲ 1972ರ ಸುಮಾರಿಗೆ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನ್ನಿಸ್ ರಿಚ್ಚಿ ರೂಪಿಸಿದ ಸಿ ಭಾಷೆ. ಆಗ ಯಂತ್ರಗಳು ನಿಧಾನ, ನೆನಪು ದುಬಾರಿ. ಪ್ರತಿಬಾರಿ ಎಲ್ಲೆ ಅಳೆಯುತ್ತ ಕೂತರೆ ಕೆಲಸ ಸಾಗದೆಂದು ಆ ಹೊಣೆಯನ್ನು ಪ್ರೋಗ್ರಾಂ ಬರೆಯುವವನಿಗೇ ಬಿಟ್ಟರು. ಎಲ್ಲರೂ ಹಾಗೆ ಯೋಚಿಸಿರಲಿಲ್ಲ ಎಂಬುದನ್ನೂ ಹೇಳಬೇಕು. ಬ್ರಿಟನ್ನಿನ ಟೋನಿ ಹೋರ್ ಅದಕ್ಕೂ ಹಿಂದೆಯೇ ತಮ್ಮ ಭಾಷಾನುವಾದಕದಲ್ಲಿ ಎಲ್ಲೆಯ ತಪಾಸಣೆ ಇಟ್ಟಿದ್ದರು. ವೇಗ ಬೇಕಾದರೆ ಅದನ್ನು ತೆಗೆದುಬಿಡೋಣವೇ ಎಂದು ಗಿರಾಕಿಗಳನ್ನು ಕೇಳಿದಾಗ ಎಲ್ಲರೂ ಬೇಡವೆಂದರಂತೆ. 1980ರ ಟ್ಯೂರಿಂಗ್ ಪ್ರಶಸ್ತಿ ಭಾಷಣದಲ್ಲಿ ಅವರು ಇದನ್ನು ನೆನೆದುಕೊಂಡಿದ್ದಾರೆ. ಆ ಗಿರಾಕಿಗಳ ವಿವೇಕ ಮುಂದಿನ ಪೀಳಿಗೆಗೆ ಬರಲಿಲ್ಲ.

ಅದರ ಬೆಲೆ ಮೊದಲು ತೆತ್ತದ್ದು 1988ರ ನವೆಂಬರ್ 2ರಂದು. ರಾಬರ್ಟ್ ಮಾರಿಸ್ ಎಂಬ ವಿದ್ಯಾರ್ಥಿ ಹರಿಯಬಿಟ್ಟ ಪ್ರೋಗ್ರಾಂ ಒಂದು ಅಂದಿನ ಪುಟ್ಟ ಇಂಟರ್‌ನೆಟ್ಟಿನ ಸಾವಿರಾರು ಕಂಪ್ಯೂಟರುಗಳಿಗೆ ಹಬ್ಬಿತು. ಅದು ಹಿಡಿದ ದಾರಿಗಳಲ್ಲಿ ಒಂದು ಇದೇ: ‘ಫಿಂಗರ್’ ಎಂಬ ಸೇವೆ 512 ಬೈಟಿನ ಜಾಗ ಇಟ್ಟುಕೊಂಡು ಕೇಳಿದರೆ, ಮಾರಿಸ್‌ನ ಪ್ರೋಗ್ರಾಂ 536 ಬೈಟು ಕಳಿಸಿತು. ಹೆಚ್ಚಾದ 24 ಬೈಟುಗಳು ಮುಂದಿನ ವಿಳಾಸದ ಚೀಟಿಯನ್ನು ಬದಲಿಸಿದವು. ಇಂಥ ಪ್ರೋಗ್ರಾಂಗೆ ಇಂಗ್ಲಿಷಿನಲ್ಲಿ ಬಂದ ಹೆಸರು ಹುಳು. ಶಾಪಾಶಯ ಬರೆದ ಶಾಸನಕಾರರಿಗೆ ತಿಳಿದಿದ್ದರೆ ನಕ್ಕಾರು.

ಬ್ರೌಸರಿನ ಪಾಡು ಉಳಿದ ಪ್ರೋಗ್ರಾಂಗಳಿಗಿಂತ ಕಷ್ಟದ್ದು. ಲೆಕ್ಕ ಬರೆಯುವ ಪ್ರೋಗ್ರಾಂ ಮನೆಯವರು ಕೊಟ್ಟ ಅಂಕಿಯನ್ನು ಮಾತ್ರ ನುಂಗುತ್ತದೆ. ಬ್ರೌಸರಾದರೋ ಛತ್ರವಿದ್ದಂತೆ. ಗುರುತು ಪರಿಚಯವಿಲ್ಲದವರು ಕಳಿಸಿದ ಚಿತ್ರ, ವಿಡಿಯೊ, ಅಕ್ಷರಶೈಲಿ, ಪುಟ್ಟ ಪುಟ್ಟ ಪ್ರೋಗ್ರಾಂ ಎಲ್ಲವನ್ನೂ ಒಳಗೆ ಕರೆದು, ಬಿಚ್ಚಿ, ಓದಿ, ತೆರೆಯ ಮೇಲೆ ಬಿಡಿಸಬೇಕು. ತಂದ ಗಂಟಿನಲ್ಲಿ ಎಷ್ಟಿದೆ ಎಂಬುದನ್ನೂ ಬಹಳ ಸಲ ಆ ಅಪರಿಚಿತನ ಬಾಯಿಮಾತಿನಿಂದಲೇ ತಿಳಿಯಬೇಕು.

2023ರ ಸೆಪ್ಟೆಂಬರಿನಲ್ಲಿ ಹೊರಬಿದ್ದ ‘ವೆಬ್‌ಪಿ’ ದೋಷ ಇದಕ್ಕೆ ಒಳ್ಳೆಯ ಉದಾಹರಣೆ. ವೆಬ್‌ಪಿ ಎಂಬುದು ಗೂಗಲ್ 2010ರಲ್ಲಿ ತಂದ, ಚಿತ್ರಗಳನ್ನು ಕಿರಿದಾಗಿ ಮಡಿಚಿಡುವ ಪದ್ಧತಿ. ಪದೇ ಪದೇ ಬರುವ ಬಣ್ಣಕ್ಕೆ ಗಿಡ್ಡ ಸಂಕೇತ, ಅಪರೂಪದ ಬಣ್ಣಕ್ಕೆ ಉದ್ದ ಸಂಕೇತ. ಯಾವುದಕ್ಕೆ ಯಾವುದು ಎಂಬ ಪಟ್ಟಿಯನ್ನು ಚಿತ್ರವೇ ಜೊತೆಗೆ ತರುತ್ತದೆ. ನಿಯಮಕ್ಕೆ ಸರಿಯಾದ ಪಟ್ಟಿ ಎಷ್ಟು ದೊಡ್ಡದಾಗಬಹುದು ಎಂಬುದನ್ನು ಗಣಿತದಿಂದ ಮೊದಲೇ ಲೆಕ್ಕ ಹಾಕಿ, ಒಂದು ಬಗೆಯ ಚಿತ್ರಕ್ಕೆ 2,954 ನಮೂದುಗಳಷ್ಟು ಜಾಗ ಮೀಸಲಿಟ್ಟಿದ್ದರು. ಲೆಕ್ಕದಲ್ಲಿ ತಪ್ಪಿರಲಿಲ್ಲ. ತಪ್ಪಿದ್ದದ್ದು, ನಿಯಮ ಮುರಿದ ಪಟ್ಟಿ ಬಂದರೆ ಏನು ಎಂಬ ಪ್ರಶ್ನೆಯಲ್ಲಿ. ಪಟ್ಟಿ ಸರಿಯಾಗಿದೆಯೇ ಎಂದು ಪ್ರೋಗ್ರಾಂ ನೋಡುತ್ತಿತ್ತು, ಆದರೆ ಬರೆದು ಮುಗಿಸಿದ ಮೇಲೆ. ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದ ಹಾಗೆ.

ಆ ಚಿತ್ರವನ್ನು ಒತ್ತಬೇಕಾಗಿರಲಿಲ್ಲ, ಇಳಿಸಿಕೊಳ್ಳಬೇಕಾಗಿರಲಿಲ್ಲ. ಪುಟದಲ್ಲಿ ಅದು ಕಣ್ಣಿಗೆ ಬಿದ್ದರೆ ಸಾಕಿತ್ತು. ಆಪಲ್ ಕಂಪನಿಯ ಭದ್ರತಾ ತಂಡವೂ ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್ ಸಂಸ್ಥೆಯೂ ಸೆಪ್ಟೆಂಬರ್ 6ರಂದು ಗೂಗಲ್‌ಗೆ ತಿಳಿಸಿದವು. 11ರಂದು ಕ್ರೋಮ್‌ಗೆ, ಮರುದಿನ ಫೈರ್‌ಫಾಕ್ಸ್‌ಗೆ ತಿದ್ದುಪಡಿ ಬಂತು. ಅಷ್ಟರಲ್ಲೇ ಯಾರೋ ಇದನ್ನು ಬಳಸುತ್ತಿದ್ದರೆಂದು ಗೂಗಲ್ ಒಪ್ಪಿಕೊಂಡಿತು. ಒಂದೇ ಚಿತ್ರ-ಓದುಗ ತಂತ್ರಾಂಶವನ್ನು ಹಲವು ಬ್ರೌಸರ್‌ಗಳೂ ಫೋನುಗಳೂ ಹಂಚಿಕೊಂಡಿದ್ದುದರಿಂದ ಒಂದು ಮನೆಯ ಕನ್ನ ಇಡೀ ಕೇರಿಯ ಕನ್ನವಾಯಿತು.

ಚಿತ್ರವಷ್ಟೇ ಅಲ್ಲ, ಅಕ್ಷರವೂ ಸಾಕು. ಇದರಲ್ಲಿ ದಕ್ಷಿಣದವರಿಗೆ ಹತ್ತಿರದ ಕಥೆಯೊಂದಿದೆ. 2018ರ ಫೆಬ್ರುವರಿಯಲ್ಲಿ ತೆಲುಗಿನ ‘ಜ್ಞಾ’ ಅಕ್ಷರವನ್ನು ಒಂದು ವಿಶಿಷ್ಟ ರೀತಿಯಲ್ಲಿ ಟೈಪು ಮಾಡಿ ಕಳಿಸಿದರೆ ಐಫೋನಿನ ಸಂದೇಶ ಪೆಟ್ಟಿಗೆ ಕುಸಿದು ಬೀಳುತ್ತಿತ್ತು. ಲೋಕವೆಲ್ಲ ಇದನ್ನು ತಮಾಷೆಯಾಗಿ ಕಂಡಿತು. ಆದರೆ ಆಪಲ್ ಆ ತಿಂಗಳ 19ರಂದು ತಿದ್ದುಪಡಿ ಕೊಟ್ಟಾಗ ಹೇಳಿದ ಕಾರಣ ನೆನಪು ಕೆಡುವ ದೋಷವೆಂದೇ. ರೋಮನ್ ಲಿಪಿಯಂತೆ ಅಕ್ಷರಗಳನ್ನು ಸಾಲಾಗಿ ಜೋಡಿಸಿದರೆ ತೆಲುಗು, ಕನ್ನಡ ಮೂಡುವುದಿಲ್ಲ. ಒತ್ತು ಕೆಳಗೆ ಇಳಿಯಬೇಕು, ದೀರ್ಘ ಪಕ್ಕಕ್ಕೆ ಸರಿಯಬೇಕು. ಇದನ್ನೆಲ್ಲ ಲೆಕ್ಕ ಹಾಕುವ ತಂತ್ರಾಂಶ ತೊಡಕಿನದು. ತೊಡಕು ಹೆಚ್ಚಿದಷ್ಟೂ ಅಳತೆ ಮರೆಯುವ ಜಾಗಗಳೂ ಹೆಚ್ಚು. ಇನ್ನು 2020ರ ಅಕ್ಟೋಬರಿನಲ್ಲಿ, ಅಕ್ಷರಶೈಲಿಗಳನ್ನು ಓದುವ ‘ಫ್ರೀಟೈಪ್’ ತಂತ್ರಾಂಶದಲ್ಲಿ ಇಂಥದೇ ಒತ್ತುವರಿ ಸಿಕ್ಕಿ ಕ್ರೋಮ್‌ಗೆ ಅವಸರದ ತಿದ್ದುಪಡಿ ಬಂದಿತ್ತು.

ಒತ್ತುವರಿಯಲ್ಲದೆ ಇನ್ನೊಂದು ಬಗೆಯ ಕೇಡಿದೆ. ಬ್ರೌಸರ್‌ಗಳಲ್ಲಿ ಅದೇ ಈಗ ಹೆಚ್ಚು ಕಾಡುತ್ತಿರುವುದು. ಅದನ್ನು ತಿಳಿಯಲು ಕನ್ನಂಬಾಡಿಯನ್ನು ನೆನೆಯಬಹುದು. 1911ರಲ್ಲಿ ಆರಂಭವಾದ ಅಣೆಕಟ್ಟೆಯ ಕೆಲಸದಿಂದ ಹಳೆಯ ಕನ್ನಂಬಾಡಿ ನೀರಿನ ಪಾಲಾಯಿತು. ಜನ ಹೊಸ ಕನ್ನಂಬಾಡಿಗೆ ಬಂದರು. ವೇಣುಗೋಪಾಲಸ್ವಾಮಿಯ ಗುಡಿ ಮಾತ್ರ ದಶಕಗಳ ಕಾಲ ಹಿನ್ನೀರಿನಲ್ಲೇ ಇದ್ದು ಬರಗಾಲದ ವರ್ಷಗಳಲ್ಲಿ ತಲೆಯೆತ್ತುತ್ತಿತ್ತು. ಆಮೇಲೆ ಅದನ್ನೂ ಕಲ್ಲು ಕಲ್ಲಾಗಿ ಬಿಚ್ಚಿ ಮೇಲಕ್ಕೆ ತಂದು ಕಟ್ಟಿದರು. ಈಗ ದೂರದೂರಿನ ನೆಂಟನೊಬ್ಬನ ಕೈಯಲ್ಲಿ ಹಳೆಯ ಊರಿನ ವಿಳಾಸವೇ ಉಳಿದಿದೆ, ಅವನು ಕಣ್ಣುಮುಚ್ಚಿ ಅಲ್ಲಿಗೇ ಕಾಗದ, ಹಣ ಎಲ್ಲವನ್ನೂ ಕಳಿಸುತ್ತಾನೆ ಎಂದು ಭಾವಿಸಿ. ನೀರಿಳಿದ ಕಾಲದಲ್ಲಿ ಆ ಜಾಗದಲ್ಲಿ ಬೇರೊಬ್ಬ ಗುಡಿಸಲು ಹಾಕಿ ಕೂತಿದ್ದರೆ ಹಣವೆಲ್ಲ ಅವನಿಗೆ ಸಂದಾಯ.

ಬ್ರೌಸರಿನಲ್ಲೂ ಹೀಗೆಯೇ. ಪುಟದ ಒಂದು ಭಾಗ ಬೇಡವಾದಾಗ ಅದರ ಜಾಗವನ್ನು ಖಾಲಿ ಮಾಡಿ ಬೇರೆಯದಕ್ಕೆ ಕೊಡುತ್ತಾರೆ. ಆದರೆ ಪ್ರೋಗ್ರಾಂನ ಯಾವುದೋ ಮೂಲೆಯಲ್ಲಿ ಹಳೆಯ ವಿಳಾಸ ಉಳಿದುಬಿಟ್ಟಿರುತ್ತದೆ. ಕಳ್ಳ ಮಾಡುವುದಿಷ್ಟೇ: ಖಾಲಿಯಾದ ಆ ಜಾಗದಲ್ಲಿ ತನ್ನ ಸಾಮಾನು ತಂದಿಟ್ಟು ಕಾಯುವುದು. 2010ರ ಜನವರಿಯಲ್ಲಿ ಗೂಗಲ್ ಮತ್ತಿತರ ಕಂಪನಿಗಳಿಗೆ ನುಗ್ಗಿದವರು ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಬ್ರೌಸರಿನ ಇಂಥದೇ ದೋಷವನ್ನು ಬಳಸಿದ್ದು ಬಯಲಾಯಿತು. ಕ್ರೋಮ್ ತಂಡ 2020ರಲ್ಲಿ ಲೆಕ್ಕ ತೆಗೆದು ನೋಡಿದಾಗ ಗಂಭೀರ ದೋಷಗಳಲ್ಲಿ ಶೇ. 70ರಷ್ಟು ನೆನಪಿಗೆ ಸಂಬಂಧಿಸಿದವು. ಅವುಗಳಲ್ಲಿ ಸುಮಾರು ಅರ್ಧ ಈ ಹಳೆಯ ವಿಳಾಸದ ತಕರಾರು. 2022ರಿಂದ ಕ್ರೋಮ್‌ನಲ್ಲಿ ಇದಕ್ಕೊಂದು ಉಪಾಯ ಬಂದಿದೆ. ಹಳೆಯ ವಿಳಾಸದ ಚೀಟಿಗಳೆಲ್ಲ ವಾಪಸು ಬರುವವರೆಗೆ ಖಾಲಿ ನಿವೇಶನವನ್ನು ಯಾರಿಗೂ ಹಂಚದೆ ಬೀಗ ಹಾಕಿಡುವುದು.

ತಡೆಯ ಉಪಾಯಗಳ ಇತಿಹಾಸ ಕಳ್ಳ-ಪೊಲೀಸರ ಆಟದಂತೆ ಸಾಗಿ ಬಂದಿದೆ. 1998ರಲ್ಲಿ ಬಂದದ್ದು ಬಾಂದುಕಲ್ಲಿನ ಉಪಾಯ. ವಿಳಾಸದ ಚೀಟಿಯ ಮುಂದೆ ಒಂದು ಗುಟ್ಟಿನ ಸಂಖ್ಯೆಯನ್ನು ನೆಡುವುದು. ಚೀಟಿ ಓದುವ ಮೊದಲು ಕಲ್ಲು ಅಲುಗಾಡಿದೆಯೇ ಎಂದು ನೋಡುವುದು. ಅಲುಗಾಡಿದ್ದರೆ ಪ್ರೋಗ್ರಾಂ ಮುಚ್ಚಿಬಿಡುವುದು. 2004ರಲ್ಲಿ ವಿಂಡೋಸ್ ಎಕ್ಸ್‌ಪಿಗೆ ಇನ್ನೊಂದು ಕಾನೂನು ಬಂತು: ಮಾಹಿತಿ ಇಡುವ ಜಾಗದಲ್ಲಿ ಆದೇಶ ನಡೆಯಕೂಡದು. ಕೃಷಿ ಜಮೀನಿನಲ್ಲಿ ಅಲಿನೇಷನ್ ಆಗದೆ ಮನೆ ಕಟ್ಟುವಂತಿಲ್ಲವಲ್ಲ, ಹಾಗೆ. ಕಳ್ಳರು ಅದಕ್ಕೂ ದಾರಿ ಕಂಡುಕೊಂಡರು. ತಾವು ಮನೆ ಕಟ್ಟುವುದನ್ನು ಬಿಟ್ಟು, ಬ್ರೌಸರ್‌ನದೇ ಮನೆಗಳಲ್ಲಿ ಇಲ್ಲೊಂದು ಕೋಣೆ ಅಲ್ಲೊಂದು ಜಗಲಿ ಸೇರಿಸಿಕೊಂಡು ತಮ್ಮ ಕೆಲಸ ಸಾಧಿಸತೊಡಗಿದರು.

ಅದಕ್ಕೆ ಪ್ರತಿಯಾಗಿ ಬಂದದ್ದು ವಿಳಾಸಗಳನ್ನೇ ಕಲಸಿಬಿಡುವ ಉಪಾಯ. ಈ ಸೀಮೆಯ ಊರುಗಳು ಹೆಸರು ಬದಲಿಸಿದ್ದು ಓದುಗರಿಗೆ ಗೊತ್ತು. ಕೃಷ್ಣರಾಜಪೇಟೆ ಒಂದು ಕಾಲದಲ್ಲಿ ಅತ್ತಿಗುಪ್ಪೆ. ಪಾಂಡವಪುರ ಹಿಂದೆ ಹಿರೋಡೆ; ಹೈದರ್, ಟಿಪ್ಪು ಕಾಲದ ಫ್ರೆಂಚ್ ಪಡೆ ಬೀಡುಬಿಟ್ಟಿದ್ದರಿಂದ ಇಂಗ್ಲಿಷರ ಬಾಯಲ್ಲಿ ಫ್ರೆಂಚ್ ರಾಕ್ಸ್. ಹಳೆಯ ನಕ್ಷೆ ಹಿಡಿದು ಬಂದವನು ಬಸ್ ನಿಲ್ದಾಣದಲ್ಲಿ ಫ್ರೆಂಚ್ ರಾಕ್ಸ್‌ಗೆ ಟಿಕೆಟ್ ಕೇಳಿದರೆ ಕಂಡಕ್ಟರ್ ಮುಖ ನೋಡುತ್ತಾನೆ. ಕಂಪ್ಯೂಟರಿನ ಒಳಗೆ ಈ ಬದಲಾವಣೆ ಶತಮಾನಕ್ಕೊಮ್ಮೆಯಲ್ಲ, ಮತ್ತೆ ಮತ್ತೆ ನಡೆಯುತ್ತದೆ. ಹಾಗಾಗಿ ಕಳ್ಳನಿಗೆ ಒಳನುಗ್ಗುವ ದೋಷದ ಜೊತೆಗೆ, ಇವತ್ತಿನ ನಕ್ಷೆಯನ್ನು ಕದ್ದು ನೋಡಲು ಇನ್ನೊಂದು ದೋಷವೂ ಬೇಕಾಗುತ್ತದೆ.

ಇವೆಲ್ಲವೂ ಸೋತರೆ ಎಂಬ ಎಚ್ಚರದಿಂದ ಕಟ್ಟಿದ್ದು ಒಳಗೋಡೆ. ಶ್ರೀರಂಗಪಟ್ಟಣದ ಕೋಟೆಯ ಪಶ್ಚಿಮದ ಕಡೆ ಗೋಡೆಯೊಡೆದ ಜಾಗದ ಬಳಿ 1907ರಲ್ಲಿ ನಿಲ್ಲಿಸಿದ ಸ್ಮಾರಕ ಸ್ತಂಭ ಇಂದಿಗೂ ಇದೆ. 1799ರ ಮೇ 4ರ ಮಧ್ಯಾಹ್ನ ಬೇರ್ಡ್‌ನ ಪಡೆ ಬೇಸಿಗೆಯ ಕಾವೇರಿಯನ್ನು ದಾಟಿ, ಕೆಲವೇ ನಿಮಿಷಗಳಲ್ಲಿ ಬಿರುಕಿನ ಮೇಲೆ ಬಾವುಟ ನೆಟ್ಟಿತು. ಕೋಟೆ ಬಿತ್ತೆಂದು ಹತ್ತಿ ನೋಡಿದರೆ ಮುಂದೆ ನೀರು ತುಂಬಿದ ಒಳಕಂದಕ, ಅದರಾಚೆ ಇನ್ನೊಂದು ಗೋಡೆ. ಅಲ್ಲೇ ಪಡೆ ತಡವರಿಸಬೇಕಿತ್ತು. ಆದರೆ ಒಳಕಂದಕವನ್ನು ದಾಟುವ ಕಿರಿದಾದ ಹಾದಿಯೊಂದು ಅವರ ಕಣ್ಣಿಗೆ ಬಿತ್ತು.

2008ರಲ್ಲಿ ಬಂದ ಕ್ರೋಮ್‌ನ ಒಳಗೆ ಇದೇ ವಿನ್ಯಾಸವಿದೆ. ಹೊರಗಿನವರ ಚಿತ್ರ, ಅಕ್ಷರಗಳನ್ನು ಬಿಚ್ಚುವ ಕೆಲಸವನ್ನು ಅಧಿಕಾರವಿಲ್ಲದ ಒಂದು ಹೊರಕೋಣೆಯಲ್ಲಿ ಮಾಡಿಸುತ್ತಾರೆ. ಅಲ್ಲಿ ಕಳ್ಳ ಗೆದ್ದರೂ ಕಡತ, ಕ್ಯಾಮರಾ, ಕಂಪ್ಯೂಟರಿನ ಉಳಿದ ಭಾಗ ಅವನ ಕೈಗೆ ಸಿಗವು. ಒಳಗೆ ಬರಲು ಅವನು ಕಂದಕದ ಹಾದಿಯನ್ನೂ ಹುಡುಕಬೇಕು. 2018ರಿಂದ ಒಂದು ತಾಣದ ಕೋಣೆಗೂ ಇನ್ನೊಂದು ತಾಣದ ಕೋಣೆಗೂ ನಡುವೆ ಗೋಡೆ ಎದ್ದಿದೆ. ಒಂದೇ ಕೋಣೆಯಾಗಿದ್ದರೆ ಸಿನಿಮಾ ಸುದ್ದಿಯ ಪುಟದಲ್ಲಿ ಸಿಕ್ಕ ಬಿರುಕಿನಿಂದ ಪಕ್ಕದ ಬ್ಯಾಂಕ್ ಪುಟಕ್ಕೆ ಕೈಹಾಕುವುದು ಸುಲಭ. ಹಾದಿಗಳು ಆಗಾಗ ಸಿಗುತ್ತಲೇ ಇವೆ ಎಂಬುದೂ ನಿಜ. ಆದರೆ ಎರಡು ಮೂರು ದೋಷಗಳನ್ನು ಸರಪಣಿಯಂತೆ ಪೋಣಿಸಬೇಕಾದ್ದರಿಂದ ಕಳ್ಳತನ ಬಹಳ ದುಬಾರಿಯಾಗಿದೆ.

ಮೂಲದ ಮದ್ದು ಬೇರೆಯೇ. ಎಲ್ಲೆಯನ್ನು ಅಳೆಯದ ಭಾಷೆಯನ್ನು ಬಿಡುವುದು. ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾ ಸಂಸ್ಥೆಯ ಆಸರೆಯಲ್ಲಿ ಬೆಳೆದ ‘ರಸ್ಟ್’ ಭಾಷೆಯ ಮೊದಲ ಸ್ಥಿರ ಆವೃತ್ತಿ 2015ರಲ್ಲಿ ಬಂತು. ಅದರಲ್ಲಿ ಒಂದು ಜಾಗಕ್ಕೆ ಒಬ್ಬನೇ ಒಡೆಯ. ಬೇರೆಯವರು ಎರವಲು ಪಡೆಯಬಹುದು, ಎಷ್ಟು ಹೊತ್ತಿಗೆಂಬುದು ಸ್ಪಷ್ಟವಾಗಿರಬೇಕು. ಲೆಕ್ಕ ತಾಳೆಯಾಗದಿದ್ದರೆ ಪ್ರೋಗ್ರಾಂ ತಯಾರಾಗುವುದೇ ಇಲ್ಲ. ರೂಢಿಯ ಹಾದಿ ಬಿಟ್ಟು ಈ ಕಾವಲನ್ನು ಸಡಿಲಿಸಲು ಅದರಲ್ಲೂ ಅವಕಾಶವಿದೆ. ಆದರೆ ಹಾಗೆ ಸಡಿಲಿಸಿದ ಜಾಗದಲ್ಲಿ ಫಲಕ ಹಾಕಲೇಬೇಕು. 2017ರ ಫೈರ್‌ಫಾಕ್ಸ್‌ನಲ್ಲಿ ಪುಟದ ಅಲಂಕಾರ ನಿರ್ಧರಿಸುವ ಭಾಗ ರಸ್ಟ್‌ಗೆ ಬದಲಾಯಿತು. ಆಂಡ್ರಾಯ್ಡ್‌ನಲ್ಲಿ ಹೊಸ ಕೆಲಸವನ್ನು ಇಂಥ ಭಾಷೆಗಳಲ್ಲಿ ಮಾಡತೊಡಗಿದ ಮೇಲೆ, ಒಟ್ಟು ಭದ್ರತಾ ದೋಷಗಳಲ್ಲಿ ನೆನಪಿನ ದೋಷಗಳ ಪಾಲು 2019ರಲ್ಲಿದ್ದ ಶೇ. 76ರಿಂದ 2024ರಲ್ಲಿ ಶೇ. 24ಕ್ಕೆ ಇಳಿದಿದೆ. ಆದರೂ ಕೋಟ್ಯಂತರ ಸಾಲುಗಳ ಹಳೆಯ ಬರವಣಿಗೆ ಹಾಗೆಯೇ ಇದೆ. ಅದನ್ನೆಲ್ಲ ತಿರುಗಿ ಬರೆಯುವುದು ಒಂದು ದಶಕದಲ್ಲಿ ಮುಗಿಯುವ ಕೆಲಸವಲ್ಲ.

ಅಲ್ಲಿಯವರೆಗೆ ಕೆ.ಆರ್. ಪೇಟೆಯ ರೈತನಿಗೆ ಇದರಿಂದ ಎಷ್ಟು ಭಯ? ಹೊಸದಾಗಿ ಸಿಕ್ಕ ದೋಷ ಚಿನ್ನದಂಥದು. ಅದನ್ನು ಪತ್ರಕರ್ತರು, ಹೋರಾಟಗಾರರು, ಅಧಿಕಾರಸ್ಥರ ಮೇಲೆ ಬೇಹುಗಾರಿಕೆ ನಡೆಸುವವರು ಬಚ್ಚಿಟ್ಟುಕೊಂಡು ಬಳಸುತ್ತಾರೆ. ಸಾಮಾನ್ಯರ ದುಡ್ಡು ಹೋಗುವುದು ಹೆಚ್ಚಾಗಿ ಸುಳ್ಳು ಫೋನ್ ಕರೆಯಿಂದಲೇ ಹೊರತು ವೆಬ್‌ಪಿಯಿಂದಲ್ಲ. ಆದರೆ ತಿದ್ದುಪಡಿ ಬಂದ ದಿನವೇ ಚಿನ್ನ ಹಿತ್ತಾಳೆಯಾಗುತ್ತದೆ. ಏನನ್ನು ತಿದ್ದಿದರೆಂದು ನೋಡಿ ದೋಷ ಎಲ್ಲಿತ್ತೆಂದು ಚಿಲ್ಲರೆ ಕಳ್ಳರೂ ಕಂಡುಹಿಡಿಯುತ್ತಾರೆ. ತಿದ್ದುಪಡಿ ಹಾಕಿಕೊಳ್ಳದ ಯಂತ್ರಗಳೇ ಅವರ ಬೇಟೆ. ಕೇಂದ್ರ ಸರ್ಕಾರದ ಸೆರ್ಟ್-ಇನ್ ಸಂಸ್ಥೆ 2004ರಿಂದ ಇಂಥ ಎಚ್ಚರಿಕೆಗಳನ್ನು ಹೊರಡಿಸುತ್ತ ಬಂದಿದೆ. ಪತ್ರಿಕೆಯ ಮೂಲೆಯಲ್ಲಿ ‘ಕ್ರೋಮ್ ಬಳಸುವವರೇ ಎಚ್ಚರ’ ಎಂದು ಬರುವ ಸುದ್ದಿಯ ಮೂಲ ಬಹುಮಟ್ಟಿಗೆ ಅದೇ.

ಚಿಂತಿಸಬೇಕಾದದ್ದು ಗ್ರಾಮ ಒನ್ ಕೇಂದ್ರದ, ಪೇಟೆಬೀದಿಯ ಸೈಬರ್ ಸೆಂಟರಿನ ಆ ಒಂದು ಕಂಪ್ಯೂಟರನ್ನು ಕುರಿತು. ಹೋಬಳಿಯ ಎಷ್ಟೋ ಮನೆಗಳ ಆಧಾರ್, ಪಹಣಿ, ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ಕು ಹಾದುಹೋಗುವುದು ಅದರ ಮೂಲಕ. ಕ್ರೋಮ್, ಫೈರ್‌ಫಾಕ್ಸ್‌ಗಳು ತಿದ್ದುಪಡಿಯನ್ನು ಸಾಮಾನ್ಯವಾಗಿ ತಾವಾಗಿಯೇ ಇಳಿಸಿಕೊಳ್ಳುತ್ತವೆ. ಆದರೆ ಬ್ರೌಸರನ್ನು ಪೂರ್ತಿ ಮುಚ್ಚಿ ಮತ್ತೆ ತೆರೆಯುವವರೆಗೆ ಅದು ಜಾರಿಗೆ ಬರುವುದಿಲ್ಲ. ಬೆಳಗ್ಗೆ ಎಂಟಕ್ಕೆ ತೆರೆದ ಇಪ್ಪತ್ತು ಪುಟಗಳನ್ನ ಮುಚ್ಚಲು ಪುರುಸೊತ್ತಿಲ್ಲ, ರಾತ್ರಿಯೂ ಯಂತ್ರ ಮಲಗುತ್ತದೆಯೇ ಹೊರತು ಆರುವುದಿಲ್ಲ. ವಾರಗಟ್ಟಲೆ ತಿದ್ದುಪಡಿ ಬಾಗಿಲಲ್ಲೇ ನಿಂತಿರುತ್ತದೆ. ಇನ್ನು ವಿಂಡೋಸ್ 7 ಇರುವ ಹಳೆಯ ಯಂತ್ರಗಳಿಗೆ 2023ರ ಫೆಬ್ರುವರಿಯಿಂದ ಕ್ರೋಮ್‌ನ ಹೊಸ ಆವೃತ್ತಿಯೇ ಬರುತ್ತಿಲ್ಲ. ಅಂಥ ಯಂತ್ರದ ಮುಂದೆ ಕೂತು ಬ್ಯಾಂಕಿನ ಕೆಲಸ ಮಾಡಕೂಡದು. ಉಳಿದವರು ಬ್ರೌಸರಿನ ಮೇಲ್ತುದಿಯ ಮೂರು ಚುಕ್ಕೆಗಳನ್ನು ಒತ್ತಿ, ‘ಸಹಾಯ’ದ ಕೆಳಗೆ ‘ಗೂಗಲ್ ಕ್ರೋಮ್ ಕುರಿತು’ ಎಂಬುದನ್ನು ತೆರೆದರೆ ತಿದ್ದುಪಡಿ ಕಾದಿದೆಯೇ ಎಂದು ಅಲ್ಲಿಯೇ ಕಾಣುತ್ತದೆ. ಕಾದಿದ್ದರೆ ಪಕ್ಕದಲ್ಲೇ ಮತ್ತೆ ತೆರೆಯುವ ಗುಂಡಿಯೂ ಇರುತ್ತದೆ. ಅದನ್ನು ಒತ್ತಲು ಅರ್ಧ ನಿಮಿಷ ಸಾಕು.